ಇಂದ ಎಲ್ಲಿ, ಗೆ ಎಲ್ಲಿ

ಲಕೋಟೆಯ ಬಾಯಿಗೆ ಸವರಿದ ಅಂಟಿಗೂ ಒಂದು ರುಚಿಯಿದೆ. ಗೋಂದಿನಲ್ಲಿ ಚಿಟಿಕೆ ಸಕ್ಕರೆ ಕದಡಿ, ಮೇಲಿಷ್ಟು ಹಳೆಯ ಪುಸ್ತಕದ ಧೂಳು ಉದುರಿಸಿದರೆ ಹೇಗಿರಬಹುದೋ ಹಾಗೆ. ಇನ್ನೂರಕ್ಕೂ ಮೇಲ್ಪಟ್ಟ ಲಕೋಟೆಗಳನ್ನು ಎರಡೇ ಮಧ್ಯಾಹ್ನಗಳಲ್ಲಿ ನೆಕ್ಕಿ ಮುಗಿಸಿದವಳು ನಾನು. ಆದ್ದರಿಂದ ಮಿತ್ರರೇ, ಈ ಒಂದು ವಿಷಯದಲ್ಲಾದರೂ ನನ್ನ ಮಾತನ್ನು ನೀವು ಪ್ರಮಾಣವೆಂದು ಒಪ್ಪಬೇಕು. ಹತ್ತರವರೆಗೆ ಸಹ್ಯ, ಐವತ್ತರ ಹೊತ್ತಿಗೆ ನಾಲಿಗೆ ತನ್ನದಲ್ಲ, ನೂರು ದಾಟಿದ ಮೇಲೆ ಪ್ರಜಾಪ್ರಭುತ್ವದ ಬಗ್ಗೆಯೇ ಒಂದು ಬಗೆಯ ವೈರಾಗ್ಯ ಹುಟ್ಟುತ್ತದೆ. ಒದ್ದೆ ಸ್ಪಂಜು ಎಂಬ ವಸ್ತುವೊಂದು ಲೋಕದಲ್ಲಿದೆ ಎಂದು ನನ್ನ ಗಂಡ ನೆನಪಿಸಿದ್ದು ಕೊನೆಯ ಲಕೋಟೆಯನ್ನು ಮುಚ್ಚಿದ ಮೇಲೆ. ಅವರ ಸಲಹೆಗಳು ಯಾವಾಗಲೂ ಹೀಗೆಯೇ, ಕೈ ತೊಳೆದ ಮೇಲೆ ಬಡಿಸುವ ಉಪ್ಪಿನಕಾಯಿಯ ಹಾಗೆ.

ನಾನು ಧಾರವಾಡದವಳು, ಹೆಸರು ಗಿರಿಜಾ. ಹೋದ ದಶಕದ ನಡುವೆ ಈ ಪ್ರಸಂಗ ನಡೆದಾಗ, ಡಲ್ಲಾಸಿನ ಬಡಗಣಕ್ಕಿರುವ ಲೂಯಿಸ್‌ವಿಲ್‌ನಲ್ಲಿ ನಾನು ಹೊಲಿಗೆಯಂಗಡಿ ತೆರೆದು ಇಪ್ಪತ್ತು ವರ್ಷಗಳಾಗಿದ್ದವು. ಟೆಕ್ಸಸ್‌ನಲ್ಲಿ ಪ್ಯಾಂಟು ಮೋಟು ಮಾಡುವವರು ಬೀದಿಗೊಬ್ಬರು ಸಿಕ್ಕಾರು, ರವಿಕೆಯ ತೋಳನ್ನು ಸುಕ್ಕಿಲ್ಲದಂತೆ ಕೂರಿಸುವವರು ಸಿಗುವುದಿಲ್ಲ. ಹೀಗಾಗಿ ಹ್ಯೂಸ್ಟನ್, ಆಸ್ಟಿನ್‌ಗಳಿಂದಲೂ ಬಟ್ಟೆಯ ಗಂಟುಗಳು ನನ್ನಲ್ಲಿಗೆ ಬರುತ್ತಿದ್ದವು. ಮೂರೂರ ಕನ್ನಡತಿಯರ ಸುತ್ತಳತೆಯೆಲ್ಲ ನನ್ನ ಒಂದು ನೋಟುಬುಕ್ಕಿನಲ್ಲಿತ್ತು. ಯಾರು ಯಾವ ದೀಪಾವಳಿಗೆ ಎರಡಿಂಚು ಹಿಗ್ಗಿದರು, ಯಾರು ಯೋಗದ ಕ್ಲಾಸಿಗೆ ಸೇರಿಯೂ ಕುಗ್ಗಲಿಲ್ಲ ಎಂಬುದು ದೇವರಿಗೆ ಗೊತ್ತು, ನನಗೆ ಗೊತ್ತು. ನಾವಿಬ್ಬರೂ ಬಾಯಿ ಬಿಟ್ಟವರಲ್ಲ.

ಮೂರೂರವರೂ ಸೇರಿ ಕಟ್ಟಿಕೊಂಡ ಕನ್ನಡ ಕೂಟವೊಂದಿತ್ತು. ಅದನ್ನು ಸ್ಥಾಪಿಸಿದವರು ಹ್ಯೂಸ್ಟನ್ನಿನ ಡಾಕ್ಟರ್ ಶೇಷಗಿರಿ; ಮೈಸೂರಿನವರು, ನಿವೃತ್ತ ಹೃದಯವೈದ್ಯರು, ಮಾತಿನಲ್ಲಿ ಬೆಣ್ಣೆ, ನಿಯಮದಲ್ಲಿ ಕಬ್ಬಿಣ. ಕೂಟದ ನಿಯಮಾವಳಿಯನ್ನು ತಾವೇ ಬರೆದು, ಅಧ್ಯಕ್ಷರ ಚುನಾವಣೆ ಅಂಚೆಯ ಮೂಲಕವೇ ನಡೆಯತಕ್ಕದ್ದು ಎಂದು ವಿಧಿಸಿದ್ದರು. ಬೆರಳ ತುದಿಯಲ್ಲಿ ಲೋಕವ್ಯವಹಾರವೆಲ್ಲ ನಡೆಯುವ ಕಾಲ ಬಂದರೂ ಆ ವಿಧಿ ಬದಲಾಗಲಿಲ್ಲ, ಏಕೆಂದರೆ ಅದನ್ನು ಬದಲಿಸಲಿಕ್ಕೂ ಅಂಚೆಯಲ್ಲೇ ಮತ ಹಾಕಬೇಕಾಗಿತ್ತು. ಆ ವರ್ಷ ಚುನಾವಣಾಧಿಕಾರಿ ಯಾರಾಗಬೇಕೆಂಬ ಮಾತು ಬಂದಾಗ ಆಸ್ಟಿನ್ನಿನವರೊಬ್ಬರು, ಇಷ್ಟು ವರ್ಷ ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹೇಳದ ಗಿರಿಜಾ ಆಂಟಿ ಮತವನ್ನು ಮಾತ್ರ ಹೇಳಿಯಾರೇ ಎಂದರು. ಸಭೆ ಚಪ್ಪಾಳೆ ತಟ್ಟಿತು. ಕೆಲವು ಹೆಂಗಸರು ಬೇಕಾದುದಕ್ಕಿಂತ ತುಸು ಜೋರಾಗಿಯೇ ತಟ್ಟಿದರು.

ಡಾಕ್ಟರು ಅವಿರೋಧವಾಗಿ ಆರಿಸಿ ಬರುತ್ತಾರೆಂದು ಎಲ್ಲರೂ ನಂಬಿದ್ದರು. ಆದರೆ ಉಮೇದುವಾರಿಕೆಯ ಕೊನೆಯ ದಿನ ನನ್ನ ಗಂಡ ಗುರುನಾಥ, ವಾರ್ಷಿಕ ಸಮಾವೇಶ ಪ್ರತಿ ಸಲವೂ ಹ್ಯೂಸ್ಟನ್ನಿನಲ್ಲೇ ಏಕಾಗಬೇಕು, ನಾಲ್ಕು ತಾಸು ಡ್ರೈವ್ ಮಾಡುವ ಪಾಪಿಗಳು ನಾವೇ ಏಕಾಗಬೇಕು ಎಂದು ಸಿಟ್ಟಾಗಿ ತಮ್ಮ ಹೆಸರು ಕೊಟ್ಟುಬಿಟ್ಟರು. ಅವರು ನೀರಿನ ಕೊಳವೆಗಳ ಇಂಜಿನಿಯರು. ಒತ್ತಡ ಹೆಚ್ಚಾದರೆ ಎಲ್ಲಿಯಾದರೂ ಒಡೆಯಲೇಬೇಕು ಎಂಬುದು ಅವರ ವೃತ್ತಿಧರ್ಮ. ನಾನು ಅಧಿಕಾರಿ, ನೀವು ಉಮೇದುವಾರರು, ಜನ ಏನೆಂದಾರು ಎಂದು ನಾನು ಗೋಗರೆದೆ. ಕೊನೆಗೆ ಡಾಕ್ಟರಿಗೇ ಫೋನು ಮಾಡಿ, ಬೇರೆ ಯಾರನ್ನಾದರೂ ನೇಮಿಸಿ ಎಂದೆ. ಅವರು ನಕ್ಕು, ಆ ಕೈ ನೇರ ಹೊಲಿಗೆಯ ಕೈ ಎಂದು ತಮಗೆ ಗೊತ್ತು, ತಮ್ಮ ಆಕ್ಷೇಪಣೆಯಿಲ್ಲ ಎಂದರು. ಆ ಮಾತಿಗೆ ನಾನು ಉಬ್ಬಿದ್ದು ನಿಜ. ಉಬ್ಬಿದ ಬಟ್ಟೆಗೆ ಕತ್ತರಿ ನೇರ ಹೋಗುವುದಿಲ್ಲವೆಂಬುದು ಆಗ ನೆನಪಾಗಲಿಲ್ಲ.

ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಲಕೋಟೆಗಳನ್ನು ಹರಡಿಕೊಂಡು ಕೂತೆ. ಧಾರವಾಡದ ಶಾಲೆಯಲ್ಲಿ ನಮಗೆ ಪತ್ರಲೇಖನ ಕಲಿಸಿದ ರೀತಿಯೊಂದಿತ್ತು: ನೆತ್ತಿಯಲ್ಲಿ ಶ್ರೀಕಾರ, ಮೇಲ್ಭಾಗದಲ್ಲಿ ‘ಗೆ’ ಎಂದು ಪಡೆಯುವವರ ಹೆಸರು, ಕೆಳಗೆ ಎಡಮೂಲೆಯಲ್ಲಿ ವಿನಯದಿಂದ ‘ಇಂದ’ ಎಂದು ನಮ್ಮದು. ದೊಡ್ಡವರು ಮೇಲೆ, ಬರೆಯುವವರು ಅವರ ಪಾದದ ಬಳಿ. ಲಕೋಟೆಗಳ ಮೇಲೂ ಹಾಗೆಯೇ ಬರೆದೆ: ಪ್ರತಿ ಹೆಸರಿಗೂ ತಕ್ಕ ಗೌರವ, ಡಾಕ್ಟರರಿಗೆ ಡಾಕ್ಟರಿಕೆ, ಹೆಂಗಸರಿಗೆ ಶ್ರೀಮತಿ, ಇಂಗ್ಲಿಷ್ ಅಕ್ಷರಗಳಿಗೂ ಕನ್ನಡದ ಕೊಂಬು ದೀರ್ಘಗಳಂಥ ಬಳುಕು. ‘ಇಂದ’ವನ್ನು ಮಾತ್ರ ಇನ್ನೂರು ಸಲ ಬರೆಯಲು ಬೇಸರವಾಗಿ, ಅಂಗಡಿಯ ವಿಳಾಸದ ದೊಡ್ಡ ರಬ್ಬರ್ ಮೊಹರನ್ನು ಕೆಳಮೂಲೆಯಲ್ಲಿ ಒತ್ತಿದೆ. ಕಪ್ಪು ಶಾಯಿ, ಅಚ್ಚುಕಟ್ಟಾದ ದಪ್ಪಕ್ಷರ. ಎಲ್ಲ ಮುಗಿದಾಗ ಮದುವೆಯ ಕರೆಯೋಲೆಗಳ ಹಾಗೆ ಕಾಣುತ್ತಿದ್ದವು. ಅಂಚೆಪೆಟ್ಟಿಗೆಗೆ ಹಾಕುವಾಗ ನನಗೇ ಕಣ್ಣು ತುಂಬಿ ಬಂತು.

ನಾಲ್ಕನೆಯ ದಿನ ಅಂಚೆಯವನು ಎರಡು ಬಿಳಿಯ ಪ್ಲಾಸ್ಟಿಕ್ ಬುಟ್ಟಿಗಳ ತುಂಬ ಲಕೋಟೆಗಳನ್ನು ತಂದು ಅಂಗಡಿಯ ಬಾಗಿಲಲ್ಲಿಟ್ಟು ಹೋದ. ನಾನಾಗ ಪಕ್ಕದ ಊರು ಫ್ರಿಸ್ಕೋದ ವನಜಾ ಎಂಬಾಕೆಯ ಹೆಗಲಿಗೆ ಟೇಪು ಹಿಡಿದು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನಿಂತಿದ್ದೆ, ನೋಡಲು ಬಿಡುವಿರಲಿಲ್ಲ. ಊಟದ ಡಬ್ಬಿ ಕೊಡಲು ಬಂದ ಗುರುನಾಥರು ನೋಡಿದರು. ನೋಡಿದರು ಎನ್ನುವುದಕ್ಕಿಂತ, ಬುಟ್ಟಿ ತುಂಬಿದ್ದನ್ನು ಕಂಡರು ಎನ್ನಬೇಕು. ಮತ ಹಾಕಿ ವಾಪಸು ಕಳಿಸುವ ಲಕೋಟೆಯ ಮೇಲೂ ನನ್ನ ಅಂಗಡಿಯ ಅದೇ ಮೊಹರು ಇತ್ತು. ಅವೇ ಬಂದಿವೆಯೆಂದು ತಿಳಿದು ಅವರು ಕಾರಿನಲ್ಲಿ ಕೂತು ಕೂಟದ ವಾಟ್ಸಾಪ್ ಗುಂಪಿಗೆ ಬರೆದರು: ಅಭೂತಪೂರ್ವ ಪ್ರತಿಕ್ರಿಯೆ, ಬಹುತೇಕ ಎಲ್ಲರ ಮತಗಳೂ ಬಂದು ತಲುಪಿವೆ, ಬದಲಾವಣೆಯ ಗಾಳಿ ಬೀಸುತ್ತಿದೆ, ಎಲ್ಲರಿಗೂ ಕೃತಜ್ಞತೆಗಳು. ಕೆಳಗೆ ಕೈ ಮುಗಿದ ಚಿತ್ರ ಮೂರು.

ಯಾರಿಗೂ ಮತಪತ್ರವೇ ತಲುಪಿರಲಿಲ್ಲ ಎಂಬುದಷ್ಟೇ ತೊಡಕು.

ಕಾಲು ಗಂಟೆಯಲ್ಲಿ ಹ್ಯೂಸ್ಟನ್ನಿನಿಂದ ಫೋನು ಬಂತು. ಡಾಕ್ಟರು ಬೈಯಲಿಲ್ಲ; ಮೈಸೂರಿನವರ ಸಿಟ್ಟಿಗೆ ಬೈಗುಳದ ಅಗತ್ಯವಿರುವುದಿಲ್ಲ. ಮೊದಲು ನನ್ನ ಆರೋಗ್ಯ ವಿಚಾರಿಸಿದರು. ಆಮೇಲೆ ಅಂದರು: "ಗಿರಿಜಾ, ನಮ್ಮನೆಗಿನ್ನೂ ಮತಪತ್ರ ಬಂದಿಲ್ಲ. ಆದ್ರೆ ನಮ್ಮ ಮತ ನಿಮಗೆ ಬಂದು ತಲುಪಿದೆಯಂತೆ. ನಾನು ಯಾರಿಗೆ ಹಾಕಿದೀನಿ ಅಂತ ಸ್ವಲ್ಪ ನೋಡಿ ಹೇಳ್ತೀರಾ?"

ನಾನು ಬುಟ್ಟಿಯ ಬಳಿ ಓಡಿದೆ. ಮೇಲಿನದರಲ್ಲಿಯೇ ನನ್ನ ಶ್ರೀಕಾರ ನನ್ನನ್ನು ನೋಡಿ ನಕ್ಕಂತಾಯಿತು. ಹೋದವೆಲ್ಲ ಹೋದ ಹಾಗೆಯೇ, ಬಾಯಿ ಬಿಚ್ಚದೆ, ಮರಳಿ ಬಂದಿದ್ದವು.

ಸಂಜೆಯೊಳಗೆ ಗುಂಪಿನಲ್ಲಿ ನಾನು ಚುನಾವಣೆಯನ್ನೇ ನುಂಗಿದವಳಾಗಿದ್ದೆ. ಆಸ್ಟಿನ್ನಿನವರು, ನಾವು ಎರಡೂರ ನಡುವಿನವರು, ನಮಗೇನೂ ತಿಳಿಯದು ಎಂದು ಬರೆದು, ಏನೇನೋ ತಿಳಿದವರ ಹಾಗೆ ಸುಮ್ಮನಾದರು. ಅದನ್ನೆಲ್ಲ ನಾನು ಸಹಿಸುತ್ತಿದ್ದೆ. ಆದರೆ ಮರುದಿನ ವನಜಾ ಬಂದು, ಮಗನ ಮುಂಜಿಗೆಂದು ಕೊಟ್ಟ ರೇಷ್ಮೆಯ ರವಿಕೆ ಕಣವನ್ನು ಹೊಲಿಯದೆಯೇ ಕೊಟ್ಟುಬಿಡಿ ಎಂದಳು. ಅರ್ಜೆಂಟು ಇದೆ, ಬೇರೆ ಕಡೆ ಕೊಡುತ್ತೇನೆ ಎಂದಳು, ನನ್ನ ಮುಖ ನೋಡದೆ. ಹೋಗುವಾಗ ಬಾಗಿಲಲ್ಲಿ ನಿಂತು, ತನ್ನ ಅಳತೆ ಬರೆದ ಹಾಳೆಯನ್ನೂ ಹರಿದು ಕೊಡಲಾದೀತೇ ಎಂದು ಕೇಳಿದಳು. ಹರಿದು ಕೊಟ್ಟೆ. ಇಪ್ಪತ್ತು ವರ್ಷದಲ್ಲಿ ಆ ಪುಸ್ತಕದಿಂದ ಹೊರಹೋದ ಮೊದಲ ಹಾಳೆ ಅದು. ಅವಳ ಕಾರು ಹೋದ ಮೇಲೆ ಅಂಗಡಿಯ ಬಾಗಿಲು ಹಾಕಿ, ಯಂತ್ರದ ಮೇಲೆ ತಲೆಯಿಟ್ಟು, ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಒಂದು ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಅಂಚೆ ಕಚೇರಿಗೆ ಹೋದೆ.

ಕಿಟಕಿಯಲ್ಲಿದ್ದವಳು ಲೊರೇನ್ ಎಂಬ ನಡುವಯಸ್ಸಿನ ಹೆಂಗಸು, ಸರಪಣಿಗೆ ತೂಗುಹಾಕಿದ ಕನ್ನಡಕದವಳು. ಲಕೋಟೆಯನ್ನು ಒಮ್ಮೆ ನೋಡಿ, ಇನ್ನೊಮ್ಮೆ ದೂರ ಹಿಡಿದು ನೋಡಿ, ಇಷ್ಟು ಚಂದದ ಕೈಬರಹ ಈ ಊರಲ್ಲಿ ಕಂಡಿಲ್ಲ ಎಂದು ಮೊದಲು ಹೊಗಳಿದಳು. ಹೊಗಳಿಕೆಯಾದ ಮೇಲೆ ನಿಧಾನವಾಗಿ ಅಂದಳು: "ಚಿನ್ನಾ, ನೀನು ನಿನಗೇ ಇನ್ನೂರು ಕಾಗದ ಬರೆದುಕೊಂಡಿದ್ದೀಯಲ್ಲ."

ಅವಳು ವಿವರಿಸಿದ್ದು ಇಷ್ಟು. ಕಾಗದಗಳನ್ನು ಈಗ ಮನುಷ್ಯರು ಓದುವುದಿಲ್ಲ, ಯಂತ್ರ ಓದುತ್ತದೆ; ಮತ್ತು ಯಂತ್ರ ಓದುವುದು ಕೆಳಗಿನಿಂದ ಮೇಲಕ್ಕೆ. ತೀರ ಕೆಳಗೆ, ತೀರ ಸ್ಪಷ್ಟವಾಗಿ ಯಾವ ವಿಳಾಸ ಕಾಣುತ್ತದೋ ಅದೇ ತಲುಪಬೇಕಾದ ಜಾಗವೆಂದು ಅದರ ನಂಬಿಕೆ. ಕಳಿಸುವವರು ಮೇಲಿನ ಎಡಮೂಲೆಯಲ್ಲಿ ಚಿಕ್ಕದಾಗಿ ಇರಬೇಕು. ಅಂಚೆಚೀಟಿ ಮೇಲಿನ ಬಲಮೂಲೆಯಲ್ಲಿ. ಪಡೆಯುವವರು ನಡುವಿನಲ್ಲಿ, ದೊಡ್ಡಕ್ಷರಗಳಲ್ಲಿ, ಸಾಲುಗಳೆಲ್ಲ ಎಡಕ್ಕೆ ಒಂದೇ ಗೆರೆಗೆ. ಅಲ್ಪವಿರಾಮ, ಪೂರ್ಣವಿರಾಮಗಳ ಆಡಂಬರ ಬೇಡ. ರಾಜ್ಯಕ್ಕೆ ಎರಡೇ ಅಕ್ಷರ ಸಾಕು. ಕೊನೆಯ ಸಾಲಿನಲ್ಲಿ ಊರು, ರಾಜ್ಯ, ಪಿನ್ ಸಂಖ್ಯೆ. ಅದರ ಕೆಳಗೆ ಬೆರಳಗಲದ ಅಂಚನ್ನು ಖಾಲಿ ಬಿಡಬೇಕು, ಅಲ್ಲಿ ಯಂತ್ರ ತನ್ನ ಗೀರುಗಳನ್ನು ಹಾಕಿಕೊಳ್ಳುತ್ತದೆ. ನೆತ್ತಿಯ ಶ್ರೀಕಾರವನ್ನು ತೋರಿಸಿ ಇದಕ್ಕೆ ಅಡ್ಡಿಯಿದೆಯೇ ಎಂದು ಕೇಳಿದೆ. ಅದು ಏನೆಂದು ಅವಳು ಕೇಳಿದಳು. ಶುಭವಾಗಲಿ ಎಂಬ ಗುರುತು ಎಂದೆ. ಶುಭಕ್ಕೆ ಅಡ್ಡಿಯಿಲ್ಲ, ಕೆಳಗೆ ಮಾತ್ರ ಇಳಿಯದಿರಲಿ ಎಂದಳು.

ನಾನು ಕಾರಿನಲ್ಲಿ ಕೂತು ಬಹಳ ಹೊತ್ತು ಈ ವಿಚಿತ್ರವನ್ನೇ ಯೋಚಿಸಿದೆ. ಅಂಚೆಯ ಶಾಸ್ತ್ರವೆಲ್ಲ ಅಂಚಿನಲ್ಲಿಯೇ ಇದೆಯೆಂದು ಅಂಚು ಮಡಚಿಯೇ ಬದುಕುವ ನನಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ! ಧಾರವಾಡದ ನಮ್ಮ ಮನೆಗೆ ಬರುತ್ತಿದ್ದ ಕಾಗದಗಳ ಮೇಲೆ ‘ಹಿಟ್ಟಿನ ಗಿರಣಿಯ ಹಿಂದೆ, ಬೇವಿನಮರದ ಎದುರು, ಮಾಸ್ತರರ ಮನೆ’ ಎಂದಿರುತ್ತಿತ್ತು. ಬೇವಿನಮರ ಬಿದ್ದು ಹತ್ತು ವರ್ಷವಾದರೂ ಕಾಗದ ತಪ್ಪದೆ ಬರುತ್ತಿತ್ತು, ಏಕೆಂದರೆ ಮರ ಎಲ್ಲಿತ್ತೆಂದು ಅಂಚೆಯವನಿಗೆ ನೆನಪಿತ್ತು. ನಮ್ಮ ವಿಳಾಸದಲ್ಲಿ ವಿಲಾಸವಿತ್ತು. ಹೆಸರಿನಿಂದ ಹೊರಟು, ಮನೆಯವರ ಕ್ಷೇಮ ಕೇಳುತ್ತ, ಓಣಿ ಬೀದಿಗಳನ್ನು ಸುತ್ತಿ ಅದು ಊರಿಗೆ ಇಳಿಯುತ್ತಿತ್ತು. ಈ ಯಂತ್ರವೋ ಊರಿನ ಸಂಖ್ಯೆಯಿಂದ ಹೊರಟು ಮೆಟ್ಟಿಲು ಹತ್ತುತ್ತದೆ, ಹೆಸರಿನ ತನಕ ಬರುವ ಹೊತ್ತಿಗೆ ಅದಕ್ಕೆ ಆಸಕ್ತಿಯೇ ಉಳಿದಿರುವುದಿಲ್ಲ. ನೀವು ಹೃದಯವೈದ್ಯರೋ ದರ್ಜಿಯೋ, ಅದಕ್ಕೆ ಎರಡೂ ಒಂದೇ. ಒಂದು ಗಳಿಗೆ, ಇದೇ ನಿಜವಾದ ಸಮಾನತೆಯಲ್ಲವೇ ಎಂದೂ ಅನ್ನಿಸಿತು. ಆದರೆ ಸಮಾನತೆಯ ಮೇಲೆ ತತ್ತ್ವ ಮಾಡಲು ಆಗ ನನಗೆ ಪುರುಸೊತ್ತು ಇರಲಿಲ್ಲ. ಮನೆಯಲ್ಲಿ ಉಮೇದುವಾರರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

ನಡೆದದ್ದನ್ನು ಹೇಳಿದೆ. ಗುರುನಾಥರು ನಗಬಹುದು, ಅಥವಾ ಸ್ಪಂಜಿನಂಥ ಇನ್ನೊಂದು ಸಲಹೆ ಕೊಡಬಹುದು ಎಂದುಕೊಂಡಿದ್ದೆ. ಅವರು ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಗುಂಪಿನಲ್ಲಿ ಅವರ ಬರಹ ಕಂಡಿತು. ಬುಟ್ಟಿಯೊಳಗೆ ಬಗ್ಗಿ ನೋಡದೆ ಬರೆದ ತಪ್ಪು ತನ್ನದು ಎಂದಿದ್ದರು. ವಿಳಾಸ ಬರೆದ ಜಾಗ ತಪ್ಪಾಗಿರಬಹುದು, ಬರೆದ ಮನಸ್ಸು ತಪ್ಪಲ್ಲ. ತನ್ನ ಹೆಂಡತಿ ಇಪ್ಪತ್ತು ವರ್ಷದಲ್ಲಿ ಒಂದು ಹೊಲಿಗೆ ಸೊಟ್ಟ ಬಿದ್ದರೂ ಗಿರಾಕಿ ಕೇಳುವ ಮೊದಲೇ ಬಿಚ್ಚಿ ಹಾಕಿದವಳು. ಅನುಮಾನವಿದ್ದವರು ಅದನ್ನು ತನ್ನ ಮೇಲಿಡಬೇಕು, ಬೇಕಿದ್ದರೆ ತಾನು ಹಿಂದೆ ಸರಿಯುತ್ತೇನೆ. ಮದುವೆಯಾದಂದಿನಿಂದ ನನ್ನ ಹೊಲಿಗೆಯ ಬಗ್ಗೆ ಅವರು ಆಡಿದ ಮೊದಲ ಮಾತು ಅದು, ಅದೂ ಇನ್ನೂರು ಜನರ ಎದುರಿಗೆ. ನಾನು ಅದನ್ನು ಅಡಿಗೆಮನೆಯಲ್ಲಿ ನಿಂತು ಎರಡು ಸಲ ಓದಿದೆ. ಅವರು ಒಳಗೆ ಬಂದಾಗ ಓದಿಲ್ಲದವಳ ಹಾಗೆ ಚಹಾ ಕೊಟ್ಟೆ.

ಡಾಕ್ಟರು ಗುಂಪಿನಲ್ಲಿ ಉತ್ತರ ಬರೆಯಲಿಲ್ಲ. ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ, ನಸುಕಿನಲ್ಲೇ ಹ್ಯೂಸ್ಟನ್ ಬಿಟ್ಟು, ಹೆಂಡತಿ ಶಾಕುಂತಲಮ್ಮನವರನ್ನು ಕೂರಿಸಿಕೊಂಡು ತಾವೇ ಬಂದು ನಿಂತಿದ್ದರು. ನಮಸ್ಕಾರವಾಯಿತು. ಬುಟ್ಟಿಗಳನ್ನು ಮೇಜಿನ ಮೇಲಿಟ್ಟೆ. ಅವರು ಒಂದೊಂದನ್ನೂ ಎತ್ತಿ, ಹಿಂದೆ ತಿರುಗಿಸಿ, ಅಂಟಿದ ಬಾಯಿಯ ಮೇಲೆ ಬೆರಳಾಡಿಸಿ, ಪಕ್ಕಕ್ಕಿಟ್ಟರು. ಇನ್ನೂರನ್ನೂ ಹಾಗೆಯೇ ನೋಡಿದರು. ನನ್ನ ಎದೆಬಡಿತ ಅವರಿಗೆ ಸ್ಟೆತಾಸ್ಕೋಪಿಲ್ಲದೆಯೇ ಕೇಳಿಸಿರಬೇಕು. ತಮ್ಮ ಹೆಸರಿನದು ಬಂದಾಗ ಮಾತ್ರ ಕನ್ನಡಕ ಸರಿಮಾಡಿಕೊಂಡು ತಡೆದರು.

"ಇದರಲ್ಲಿ ನಾನು ಎಷ್ಟು ಎತ್ತರದಲ್ಲಿದೀನಿ," ಎಂದರು. "ಅದಕ್ಕೇ ಯಾರಿಗೂ ಕಾಣಿಸಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಗಿರಿಜಾ, ಆವತ್ತು ಫೋನಿನಲ್ಲಿ ಹಾಗೆ ಕೇಳಬಾರದಿತ್ತು. ತಪ್ಪಾಯಿತು."

ಎಂಬತ್ತರ ಹತ್ತಿರದ ಹಿರಿಯರು ಹಾಗಂದಾಗ ನಾನು ನಾಷ್ಟಾ ಆಗಿದೆಯೇ ಎಂದು ಕೇಳಿದೆ. ಆಗಿರಲಿಲ್ಲ. ಉಪ್ಪಿಟ್ಟು ಮಾಡಿದೆ.

ಆ ಎರಡು ದಿನ ಅವರು ನಮ್ಮ ಮನೆಯಲ್ಲೇ ಉಳಿದರು. ಎಲ್ಲರೆದುರು ಹಳೆಯ ಲಕೋಟೆ ಒಡೆಯುವುದು, ಒಳಗಿನದನ್ನು ಹೊಸ ಲಕೋಟೆಗೆ ಹಾಕುವುದು, ಯಂತ್ರ ಮೆಚ್ಚುವ ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಿದ ಚೀಟಿ ಅಂಟಿಸುವುದು. ಡಾಕ್ಟರು ನನ್ನ ಟೇಪು ಹಿಡಿದು ಕೆಳಗಿನ ಅಂಚನ್ನು ಅಳೆದು, ಕೂದಲೆಳೆಯಷ್ಟು ಓರೆಯಾದ ಚೀಟಿಯನ್ನೂ ಕಿತ್ತು ಮತ್ತೆ ಅಂಟಿಸುತ್ತಿದ್ದರು. ಪಕ್ಕದಲ್ಲಿ ಗುರುನಾಥರು ಅಂಚೆಚೀಟಿ ಹಚ್ಚುತ್ತಿದ್ದರು. ಮೊದಲ ದಿನ ಇಬ್ಬರ ನಡುವೆ ಹವಾಮಾನದ ಮಾತು ಬಿಟ್ಟರೆ ಬೇರೆ ಇರಲಿಲ್ಲ. ಎರಡನೆಯ ದಿನ ಹ್ಯೂಸ್ಟನ್ನಿನ ನೆಲದಡಿಯ ಕೊಳವೆಗಳು ಮುದಿ ಹೃದಯದ ರಕ್ತನಾಳಗಳ ಹಾಗೆ ಕಟ್ಟಿಕೊಳ್ಳುತ್ತವೆ ಎಂಬ ವಿಷಯ ಹೇಗೋ ಬಂತು. ಆಮೇಲೆ ಇಬ್ಬರೂ ಊಟಕ್ಕೆ ಕರೆದರೂ ಏಳಲಿಲ್ಲ.

ಶಾಕುಂತಲಮ್ಮನವರು ನನ್ನ ಜೊತೆ ಅಡಿಗೆಮನೆಯಲ್ಲಿ ಬೀನ್ಸು ಬಿಡಿಸುತ್ತ, ದನಿ ತಗ್ಗಿಸಿ ಹೇಳಿದರು: "ಇವರು ಗೆದ್ರೆ ಸಾಕಮ್ಮ. ರಿಟೈರ್ ಆದಾಗಿನಿಂದ ನನ್ನ ಬೇಳೆ ಡಬ್ಬಿಗಳನ್ನ ಅಕಾರಾದಿಯಾಗಿ ಜೋಡಿಸ್ತಿದಾರೆ. ವಾರಕ್ಕೆರಡು ದಿನ ಎಲ್ಲಾದರೂ ಮೀಟಿಂಗ್ ಇರಲಿ."

ನನ್ನ ಕಷ್ಟ ಇದರ ತಿರುವುಮುರುವು. ನಮ್ಮವರು ಗೆದ್ದರೆ ಕೂಟದ ಕಚೇರಿ ನನ್ನ ಕತ್ತರಿಮೇಜಿನ ಮೇಲೆಯೇ ಸ್ಥಾಪನೆಯಾಗುವುದರಲ್ಲಿ ಸಂಶಯವಿರಲಿಲ್ಲ. ಎರಡು ಸಂಸಾರಗಳ ಸುಖವೂ ಡಾಕ್ಟರ ಗೆಲುವಿನಲ್ಲಿಯೇ ಇತ್ತು, ಹಾಗಾಗಿ ನನ್ನ ಮತ ಎಲ್ಲಿಗೆ ಹೋಗಬೇಕೆಂಬುದು ಅಲ್ಲಿಯೇ ತೀರ್ಮಾನವಾಯಿತು. ಆದರೆ ಮತಪತ್ರ ಬಂದ ದಿನ (ಹೌದು, ಈ ಸಲ ಎಲ್ಲರಿಗೂ ತಲುಪಿತು, ನನಗೂ) ಪೆನ್ನು ಹಿಡಿದಾಗ ಹಿತ್ತಿಲಲ್ಲಿ ನಿಂತು ಫೋನಿನ ಮೇಲೆ ಎರಡು ಬೆರಳಲ್ಲಿ ಒತ್ತುತ್ತಿದ್ದ ಮನುಷ್ಯ ಕಣ್ಣಿಗೆ ಬಂದರು. ಮೇಜು ಹೋದರೆ ಹೋಗಲಿ ಎಂದು ಗುರುನಾಥರ ಹೆಸರಿನ ಮುಂದೆ ಗುರುತು ಹಾಕಿದೆ. ವನಜಾಳ ರೇಷ್ಮೆಯೂ ಅದೇ ವಾರ ಮರಳಿ ಬಂತು. ಬೇರೆ ಕಡೆ ತೋಳು ಸರಿ ಕೂರಲಿಲ್ಲವಂತೆ. ಹೊಸದಾಗಿ ಅಳತೆ ತೆಗೆದು ಹೊಲಿದುಕೊಟ್ಟೆ. ಅರ್ಧ ಇಂಚು ಬಿಗಿ ಮಾಡಿದ್ದು ಕೈತಪ್ಪಿನಿಂದಲ್ಲ.

ಎಣಿಕೆ ಆಸ್ಟಿನ್ನಿನಲ್ಲಿ, ಬಾಡಿಗೆಯ ಸಭಾಂಗಣವೊಂದರಲ್ಲಿ, ಒಂದು ಭಾನುವಾರ ಬೆಳಿಗ್ಗೆ ನಡೆಯಿತು. ಲಕೋಟೆಗಳನ್ನು ಯಾರ ಮೇಲ್ವಿಚಾರಣೆಯೂ ಇಲ್ಲದೆ ಗಿರಿಜಾ ಒಬ್ಬರೇ ಒಡೆದು ಎಣಿಸಲಿ ಎಂದು ಡಾಕ್ಟರು ಎದ್ದುನಿಂತು ಹೇಳಿ, ಎಲ್ಲರನ್ನೂ ಕಾಫಿಗೆ ಹೊರಗೆ ಕಳಿಸಿದರು. ನಾನು ಮೂರು ಸಲ ಎಣಿಸಿದೆ. ಮೂರು ಸಲವೂ ಡಾಕ್ಟರು ಒಂದೇ ಮತದಿಂದ ಮುಂದಿದ್ದರು. ಹೊರಗೆ ಬಂದು ಹಾಗೆಯೇ ಹೇಳಿದೆ. ಯಾರೂ ಮತ್ತೊಮ್ಮೆ ಎಣಿಸಿ ಎನ್ನಲಿಲ್ಲ. ಶಾಕುಂತಲಮ್ಮನವರು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಹಿಂದಿರುಗುವಾಗ ಗುರುನಾಥರೇ ಕಾರು ಓಡಿಸುತ್ತಿದ್ದರು. ಅರ್ಧ ದಾರಿಯ ವೇಕೋ ಊರು ದಾಟಿತು. ಒಂದೇ ಒಂದು ಮತವೆಂದು ಕೊರಗುತ್ತಿದ್ದಾರೆ ಎಂದುಕೊಂಡು, ಮುಂದಿನ ಸಲ ನೋಡೋಣ ಬಿಡ್ರಿ ಎಂದೆ. ಅವರು ಕನ್ನಡಿ ನೋಡಿ ಲೇನು ಬದಲಿಸಿದರು.

"ಆ ಒಂದ್ ಓಟ್ ನಂದ," ಎಂದರು.

ಹಾಗಂದರೇನು ಎಂದು ಕೇಳಿದೆ.

"ನಾ ಡಾಕ್ಟರಿಗೆ ಹಾಕೀನಿ. ಆ ವಯಸ್ಸಿನಾಗ ನಾಕ್ ತಾಸು ಡ್ರೈವ್ ಮಾಡ್ಕೊಂಡು ಬಂದು, ನಿನ್ನ ಮುಂದ ತಪ್ಪಾಯ್ತು ಅಂದ್ರು. ಅವರ ಜಾಗಾದಾಗ ನಾ ಇದ್ರ ಬರ್ತಿದ್ದಿಲ್ಲ. ಫೋನಿನಾಗ ಬರದು ಮುಗಸ್ತಿದ್ದೆ."

ಮನಸ್ಸಿನಲ್ಲೇ ಒಂದು ಚೀಟಿಯನ್ನು ಆ ರಾಶಿಯಿಂದ ತೆಗೆದು ಈ ರಾಶಿಗಿಟ್ಟು ನೋಡಿದೆ. ಗೆಲುವು ಈಚೆ ಬಂತು. ಮತ್ತೆ ಅಲ್ಲಿಯೇ ಇಟ್ಟೆ.

"ನಾ ನಿಮಗ ಹಾಕಿದ್ದೆ," ಎಂದೆ.

ದಾರಿಯ ಪಕ್ಕದ ಬೇಕರಿಯ ಫಲಕ ಕಂಡಾಗ ಕಾರನ್ನು ಆ ಕಡೆ ತಿರುಗಿಸಿ ನಿಲ್ಲಿಸಿದರು. ಈ ದಾರಿಯಲ್ಲಿ ಹೋಗುವವರೆಲ್ಲ ನಿಲ್ಲುವ ಜಾಗ ಅದು. ನಡುವೆ ಹಣ್ಣೋ ಚೀಸೋ ತುಂಬಿದ ಮೆತ್ತನೆಯ ಬನ್ನು ಮಾರುತ್ತಾರೆ, ಕೊಲಾಚಿ ಎನ್ನುತ್ತಾರೆ. ಪ್ರತಿ ಸಲ ನನ್ನನ್ನು ಕೇಳದೆ ಚೀಸಿನದನ್ನೇ ಕಟ್ಟಿಸಿಕೊಂಡು ಬರುವವರು, ಇಳಿದು ಬಾಗಿಲು ಹಾಕುವ ಮೊದಲು ಬಗ್ಗಿ ಒಳಗೆ ನೋಡಿದರು.

"ನಿನಗ ಯಾವುದು ಬೇಕ?" ಎಂದು ಕೇಳಿದರು.